ಒಂಬತ್ತು ಮೀಟರಿನ ಹಾಯಿದೋಣಿಯಲ್ಲಿ ಉಷ್ಣವಲಯದ ದ್ವೀಪಗಳನ್ನು ಸುತ್ತಲು ಎಂಥ ಸಿದ್ಧತೆ ಬೇಕು?

9 ಮೀಟರ್ ಉದ್ದದ ಹಾಯಿದೋಣಿಯಲ್ಲಿ ಇಬ್ಬರೇ ಒಂದು ವರ್ಷ ಉಷ್ಣವಲಯದ ದ್ವೀಪಗಳ ನಡುವೆ ಸಂಚರಿಸಬೇಕೆಂದಿದ್ದೀರಿ. ಅಷ್ಟು ಚಿಕ್ಕ ದೋಣಿ ಮಹಾಸಾಗರದ ಬಿರುಗಾಳಿಯನ್ನು ತಾಳಿಕೊಂಡೀತೇ, ದೋಣಿಗೆ ಹೊಸದಾಗಿ ಏನೇನು ಸೇರಿಸಬೇಕು ಎಂದು ಕೇಳಿದ್ದೀರಿ. ನಾನೂ ನನ್ನ ಪತ್ನಿಯೂ ಹೆಚ್ಚುಕಡಿಮೆ ಅಷ್ಟೇ ಅಳತೆಯ ದೋಣಿಯಲ್ಲಿ ದಕ್ಷಿಣ ಪೆಸಿಫಿಕ್ಕಿನ ಮಾರ್ಕೆಸಸ್, ಟುವಾಮೊಟು ಮತ್ತು ಸೊಸೈಟಿ ದ್ವೀಪಗಳಲ್ಲಿ ಎರಡು ಹಂಗಾಮುಗಳನ್ನು ಕಳೆದಿದ್ದೇವೆ. ಆ ಎರಡು ಹಂಗಾಮುಗಳಲ್ಲಿ ನಮ್ಮನ್ನು ನಿಜವಾಗಿ ಹೆದರಿಸಿದ ಘಟನೆಗಳೆಲ್ಲ ನಡೆದದ್ದು ದಡ ಕಣ್ಣಿಗೆ ಬಿದ್ದ ಮೇಲೆ, ಕೊನೆಯ ಒಂದೆರಡು ಮೈಲಿಗಳಲ್ಲಿ. ಆದ್ದರಿಂದ ನಿಮ್ಮ ಸಿದ್ಧತೆಯ ಬಹುಪಾಲು ಆ ಕೊನೆಯ ಮೈಲಿಗೆ ಮೀಸಲಾಗಲಿ ಎಂದು ಒತ್ತಿ ಹೇಳುತ್ತೇನೆ.

ದೋಣಿಯ ಉದ್ದದ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಹದಿನಾರು ವರ್ಷದ ರಾಬಿನ್ ಲೀ ಗ್ರಹಾಂ 1965ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಬ್ಬನೇ ಹೊರಟದ್ದು 24 ಅಡಿಯ ದೋಣಿಯಲ್ಲಿ. ಅದರಲ್ಲೇ ಅವನು ಪೆಸಿಫಿಕ್, ಹಿಂದೂ ಮಹಾಸಾಗರ ಮತ್ತು ಅಟ್ಲಾಂಟಿಕ್‌ಗಳನ್ನು ದಾಟಿ ಕೆರಿಬಿಯನ್ ತಲುಪಿದ. ನೀವು ಅಂಜುವ ಚಂಡಮಾರುತಗಳಿಗೂ ಒಂದು ಪಂಚಾಂಗವಿದೆ. ದಕ್ಷಿಣ ಪೆಸಿಫಿಕ್ಕಿನಲ್ಲಿ ಅವುಗಳ ಕಾಲ ನವೆಂಬರಿನಿಂದ ಏಪ್ರಿಲ್‌ವರೆಗೆ, ಕೆರಿಬಿಯನ್ ಸೇರಿದ ಉತ್ತರ ಅಟ್ಲಾಂಟಿಕ್ಕಿನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ. ಭೂಮಧ್ಯರೇಖೆಯ ಆಚೀಚೆ ಸುಮಾರು 5 ಡಿಗ್ರಿಯೊಳಗೆ, ಭೂಭ್ರಮಣದ ತಿರುಚುಬಲ ಅಲ್ಲಿ ತೀರ ಕಡಿಮೆಯಿರುವುದರಿಂದ, ಅವು ಹುಟ್ಟುವುದೇ ಅಪರೂಪ. ಆ ತಿಂಗಳುಗಳಲ್ಲಿ ಆ ನೀರಿನಿಂದ ದೂರವಿದ್ದರೆ ಉಳಿದ ಕಾಲದಲ್ಲಿ ನಿಮಗೆ ಸಿಗುವುದು ಬಹುಮಟ್ಟಿಗೆ 15ರಿಂದ 20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೊಮೀಟರ್) ವೇಗದ ವಾಣಿಜ್ಯ ಮಾರುತ, ಅದೂ ಪಶ್ಚಿಮಕ್ಕೆ ಹೋಗುವವರಿಗೆ ಬೆನ್ನ ಹಿಂದಿನಿಂದ. ಗಲಪಗೋಸ್‌ನಿಂದ ಮಾರ್ಕೆಸಸ್‌ಗೆ ಸುಮಾರು 3,000 ನಾಟಿಕಲ್ ಮೈಲಿ. ಸರಾಸರಿ 5 ನಾಟ್ ವೇಗದಲ್ಲಿ ದಿನಕ್ಕೆ 120 ಮೈಲಿಯಂತೆ ಇಪ್ಪತ್ತೈದು ದಿನ. ಆ ದಿನಗಳು ದೀರ್ಘವಾಗಿರುತ್ತವೆ, ಓಲಾಟ ಬೇಸರ ತರಿಸುತ್ತದೆ, ಮಳೆಮೋಡ ಹತ್ತಿರವಾಗುತ್ತಿದ್ದಂತೆ ಹಾಯಿಯನ್ನು ಕಿರಿದುಗೊಳಿಸುವ ಕೆಲಸ ರಾತ್ರಿಯೂ ತಪ್ಪುವುದಿಲ್ಲ. ಆದರೂ ಸುತ್ತ ಎಲ್ಲೂ ತಾಗುವಂಥದ್ದೇನೂ ಇಲ್ಲದ ಆಳದ ನೀರಿನಲ್ಲಿ ಚಿಕ್ಕ ದೋಣಿ ಸುರಕ್ಷಿತವಾಗಿಯೇ ಇರುತ್ತದೆ.

ತಾಗುವಂಥದ್ದು ಶುರುವಾಗುವುದು ಹವಳದ ದ್ವೀಪಗಳ ಬಳಿ. ಇವು ಹೇಗೆ ಹುಟ್ಟಿದವು ಎಂಬುದನ್ನು ತಿಳಿದರೆ ಅಪಾಯವೂ ಅರ್ಥವಾಗುತ್ತದೆ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದಂತೆ, ಜ್ವಾಲಾಮುಖಿಯ ಬೆಟ್ಟವೊಂದು ನಿಧಾನವಾಗಿ ಕುಸಿದು ನೀರಿನಡಿ ಸೇರುತ್ತಿರುವಾಗ ಅದರ ಅಂಚಿನ ಹವಳ ಮಾತ್ರ ಬೆಳಕಿನತ್ತ ಮೇಲೆ ಮೇಲೆ ಬೆಳೆಯುತ್ತ ಹೋಗುತ್ತದೆ. ಕೊನೆಗೆ ಬೆಟ್ಟ ಮುಳುಗಿ, ನಡುವೆ ಲಗೂನ್, ಅಂದರೆ ಶಾಂತ ನೀರಿನ ಕೊಳ, ಇರುವ ಹವಳದ ಉಂಗುರವಷ್ಟೇ ಉಳಿಯುತ್ತದೆ. ಹೀಗಾಗಿ ಅದರ ಹೊರಗೋಡೆ ನೂರಾರು ಮೀಟರ್ ಆಳದಿಂದ ಬಹುತೇಕ ನೇರವಾಗಿ ಎದ್ದು ನಿಂತಿರುತ್ತದೆ. ಆಳ ಅಳೆಯುವ ಉಪಕರಣ ಎಚ್ಚರಿಕೆ ಕೊಡುವ ಹೊತ್ತಿಗೆ ದೋಣಿ ಬಂಡೆಯ ಮೇಲಿರುತ್ತದೆ. ನೆಲ ನೀರಿನಿಂದ ಕೆಲವೇ ಮೀಟರ್ ಎತ್ತರ. ತೆಂಗಿನ ತಲೆಗಳು ಕಾಣುವುದು ಹಗಲಿನಲ್ಲೂ ಎಂಟು ಹತ್ತು ಮೈಲಿಯಿಂದ, ರಾತ್ರಿಯಲ್ಲಿ ಅದೂ ಇಲ್ಲ. 1768ರಲ್ಲಿ ಟುವಾಮೊಟು ದ್ವೀಪಗಳ ನಡುವೆ ಹಾದುಹೋದ ಫ್ರೆಂಚ್ ನಾವಿಕ ಬೂಗನ್‌ವಿಲ್ ಅದನ್ನು ಅಪಾಯಕಾರಿ ದ್ವೀಪಸ್ತೋಮ ಎಂದು ಕರೆದದ್ದು ಸುಮ್ಮನೆ ಅಲ್ಲ.

ಈಗ ಜಿಪಿಎಸ್ ಇದೆಯಲ್ಲ ಎಂದು ನೀವು ಕೇಳಬಹುದು. 2014ರ ನವೆಂಬರ್ 29ರಂದು ವೋಲ್ವೊ ಓಷನ್ ರೇಸ್ ಎಂಬ, ಜಗತ್ತು ಸುತ್ತುವ ಹಾಯಿದೋಣಿ ಸ್ಪರ್ಧೆಯಲ್ಲಿದ್ದ ವೆಸ್ಟಾಸ್ ವಿಂಡ್ ಎಂಬ ದೋಣಿ, ಪಳಗಿದ ನಾವಿಕರೂ ಅತ್ಯುತ್ತಮ ಉಪಕರಣಗಳೂ ಇದ್ದಾಗ್ಯೂ, ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಜೋಸ್ ಹವಳದ ದಿಬ್ಬಕ್ಕೆ ಕತ್ತಲಲ್ಲಿ ಬಡಿಯಿತು. ಪರದೆಯ ಮೇಲಿನ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡದಿದ್ದರೆ ಆ ದಿಬ್ಬದ ಅಪಾಯ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ನೀವು ಹೋಗಬೇಕೆಂದಿರುವ ದಾರಿಯನ್ನು ಹೊರಡುವ ಮೊದಲೇ, ಅತಿ ಹಿಗ್ಗಿಸಿದ ನಕ್ಷೆಯಲ್ಲಿ, ಬೆರಳಿಟ್ಟು ಆರಂಭದಿಂದ ಕೊನೆಯವರೆಗೆ ನೋಡಿರಿ. ಇಬ್ಬರೂ ಬೇರೆ ಬೇರೆಯಾಗಿ ನೋಡಿರಿ.

ಲಗೂನಿನೊಳಗೆ ಮಾತ್ರ ನಕ್ಷೆಗಿಂತ ಕಣ್ಣನ್ನು ನಂಬಬೇಕು, ಕಣ್ಣಿಗೆ ಬೇಕಾದದ್ದು ಸೂರ್ಯ. ಸೂರ್ಯ ಮೇಲೇರಿ ನಿಮ್ಮ ಬೆನ್ನಿಗಿದ್ದಾಗ, ನೀರಿನ ಮೇಲಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಎತ್ತರದಲ್ಲಿ ನಿಂತವನಿಗೆ ನೀರಿನ ಬಣ್ಣವೇ ಆಳವನ್ನು ಹೇಳುತ್ತದೆ. ಕಡುನೀಲಿಯೆಂದರೆ ಆಳ, ಹಸಿರು ಬೆರೆತ ತಿಳಿನೀಲಿಯೆಂದರೆ ಕೆಲವು ಮೀಟರ್ ಆಳದ ಮರಳು, ಬಿಳಿಚಿದಷ್ಟೂ ನೀರು ತೆಳುವಾಗುತ್ತದೆ, ಕಂದು ಅಥವಾ ಹಳದಿ ಮಿಶ್ರಿತ ಕಂದು ಕಂಡರೆ ಅದು ಮೇಲ್ಮೈಯ ಹತ್ತಿರಕ್ಕೆ ಬಂದಿರುವ ಹವಳ. ಪೂರ್ವಕ್ಕೆ ಸಾಗಬೇಕಾದರೆ ಮಧ್ಯಾಹ್ನದ ನಂತರ, ಪಶ್ಚಿಮಕ್ಕಾದರೆ ಬೆಳಿಗ್ಗೆ ಹೊರಡಬೇಕು. ಒಂದೇ ಒಂದು ಮೋಡ ಸೂರ್ಯನನ್ನು ಮರೆಮಾಡಿದರೂ ಈ ಬಣ್ಣಗಳೆಲ್ಲ ಕ್ಷಣದಲ್ಲಿ ಬೂದಿಯಾಗುತ್ತವೆ. ಆಗ ದೋಣಿಯನ್ನು ಇದ್ದಲ್ಲೇ ನಿಧಾನಿಸಿ, ಮೋಡ ಸರಿಯುವವರೆಗೆ ಕಾಯುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.

ಉಂಗುರದ ಒಳಗೆ ಹೋಗುವ ದ್ವಾರಕ್ಕೂ ತನ್ನದೇ ಗಳಿಗೆಯಿದೆ. ಗಾಳಿಯ ಕಡೆಯ ಅಂಚನ್ನು ಹಾರಿ ಬರುವ ಅಲೆಗಳು ಲಗೂನನ್ನು ತುಂಬುತ್ತಲೇ ಇರುತ್ತವೆ, ಆ ನೀರೆಲ್ಲ ಕಿರಿದಾದ ದ್ವಾರದಿಂದಲೇ ಹೊರಬರಬೇಕು. 5 ನಾಟ್ ವೇಗದ ದೋಣಿಯನ್ನು ಹಿಂದಕ್ಕೆ ತಳ್ಳುವಷ್ಟು ಬಲದ ಹೊನಲು ಅಲ್ಲಿ ಸಾಮಾನ್ಯ. ಅದಕ್ಕೆ ಗಾಳಿ ಎದುರಾದರೆ ಮುಂದೆ ಸರಿಯದೆ ಒಂದೇ ಕಡೆ ನಿಂತ ಅಲೆಗಳೇಳುತ್ತವೆ. ಉಬ್ಬರವಿಳಿತಗಳ ನಡುವೆ ನೀರು ಸ್ತಬ್ಧವಾಗುವ ಅಲ್ಪಾವಧಿಯಲ್ಲಿ ಒಳಹೋಗಬೇಕು. ದೂರದ ದಕ್ಷಿಣದಿಂದ ದೊಡ್ಡ ಅಲೆಗಳು ಬರುತ್ತಿರುವ ದಿನಗಳಲ್ಲಿ ಉಬ್ಬರದಲ್ಲೂ ಹೊರಹರಿವು ನಿಲ್ಲದಿರಬಹುದು. ಒಮ್ಮೆ ನಾವು ಇಂಥ ದ್ವಾರವೊಂದನ್ನು ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ತಲುಪಿದೆವು. ಇಬ್ಬರಿಗೂ ಮೂರು ರಾತ್ರಿಗಳ ನಿದ್ದೆ ಬಾಕಿಯಿತ್ತು, ಒಳಗೆ ಕನ್ನಡಿಯಂಥ ನೀರು ಕಾಣುತ್ತಿತ್ತು. ಆದರೂ ತಿರುಗಿ ಹತ್ತು ಮೈಲಿ ಹೊರಗೆ ಹೋಗಿ, ದೋಣಿ ಬಹುತೇಕ ಇದ್ದಲ್ಲೇ ನಿಲ್ಲುವಂತೆ ಮುಂದಿನ ಹಾಯಿಯನ್ನು ಗಾಳಿಗೆ ವಿರುದ್ಧವಾಗಿ ಕಟ್ಟಿ, ಚುಕ್ಕಾಣಿಯನ್ನು ಬಿಗಿದು, ಸರದಿಯಂತೆ ಎಚ್ಚರವಿದ್ದು ರಾತ್ರಿ ಕಳೆದೆವು. ಬೆಳಿಗ್ಗೆ ಹತ್ತು ಗಂಟೆಗೆ ಒಳಗೆ ಹೋಗುವಾಗ, ಹಿಂದಿನ ಸಂಜೆ ನಾವು ನೇರವಾಗಿ ಸಾಗಲು ಯೋಚಿಸಿದ್ದ ದಾರಿಯ ನಟ್ಟನಡುವೆ ಎರಡು ಕಂದು ಬಂಡೆಗಳು ಕಂಡವು. ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ದೋಣಿಗೆ ಸೇರಿಸಬೇಕಾದವುಗಳಲ್ಲಿ ನಾನು ಮೊದಲು ಹೇಳುವುದು ಲಂಗರಿನ ಸಾಮಗ್ರಿ. ಹವಳದ ಅಂಚು ಹಗ್ಗವನ್ನು ಗರಗಸದಂತೆ ಕೊಯ್ಯುತ್ತದೆ, ಆದ್ದರಿಂದ ಸರಪಳಿಯೇ ಬೇಕು. ನಿಮ್ಮ ಅಳತೆಯ ದೋಣಿಗೆ 8 ಮಿಲಿಮೀಟರಿನ 50 ಮೀಟರ್ ಸರಪಳಿ, ಅದರ ಹಿಂದೆ ನೈಲಾನ್ ಹಗ್ಗ, ಮತ್ತು ತಯಾರಕರು ಸೂಚಿಸಿದ್ದಕ್ಕಿಂತ ಒಂದು ಅಳತೆ ದೊಡ್ಡ ಲಂಗರು ಇರಲಿ. ಈ ಸರಪಳಿಯೇ 70 ಕಿಲೊ ತೂಗುತ್ತದೆ. ಬೇರೆ ಸಾಮಾನುಗಳನ್ನು ಬಿಟ್ಟಾದರೂ ಇದನ್ನು ಒಯ್ಯಿರಿ. ಆಳದ ಐದು ಪಟ್ಟು ಸರಪಳಿ ಬಿಡುವುದು ಸಾಮಾನ್ಯ ದಿನದ ಲೆಕ್ಕ, ಗಾಳಿ ಹೆಚ್ಚಿದರೆ ಏಳು ಪಟ್ಟು. ಲಂಗರನ್ನು ಮರಳಿನಲ್ಲಷ್ಟೇ ಇಳಿಸಿ, ಕೂಡಲೇ ಈಜುಗನ್ನಡಕ ಹಾಕಿ ಇಳಿದು ನೋಡಿರಿ. ಅಲ್ಲಲ್ಲಿ ಹವಳದ ಗುಡ್ಡೆಗಳಿದ್ದರೆ ಸರಪಳಿಗೆ ಒಂದೆರಡು ತೇಲುಗುಂಡುಗಳನ್ನು ಕಟ್ಟಿ ಅದನ್ನು ತಳದಿಂದ ಮೇಲೆತ್ತಬಹುದು. ಇದರಿಂದ ಸರಪಳಿ ಸಿಕ್ಕಿಕೊಳ್ಳುವುದಿಲ್ಲ, ನೂರಾರು ವರ್ಷ ಬೆಳೆದ ಹವಳವೂ ಪುಡಿಯಾಗುವುದಿಲ್ಲ. ಗಾಳಿ ತಟ್ಟನೆ ದಿಕ್ಕು ಬದಲಿಸಿದರೆ ನಿಮ್ಮ ಹಿಂದೆ ಏನಿರುತ್ತದೆ ಎಂಬುದನ್ನು ಮಲಗುವ ಮುನ್ನ ನೋಡಿಟ್ಟುಕೊಳ್ಳುವುದೂ ಇದೇ ಕೆಲಸದ ಭಾಗ.

ಉಳಿದವು ಚಿಕ್ಕ ಮಾತುಗಳು. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರಿನ ಲೆಕ್ಕ ಹಿಡಿದು, ಮಳೆನೀರು ಹಿಡಿಯಬಲ್ಲ ನೆರಳಿನ ಬಟ್ಟೆಯೊಂದನ್ನು ಹೊಲಿಸಿಕೊಳ್ಳಿರಿ. ಹವಳ ತರಚಿದ ಗಾಯ ಬೇಗ ಕೀವಾಗುತ್ತದೆ, ಚಿಕ್ಕದೆಂದು ಬಿಡಬೇಡಿ. ಹವಳದ ದಿಬ್ಬದ ಮೀನಿನಲ್ಲಿ ಸಿಗುವಾಟೆರಾ ಎಂಬ ವಿಷವಿರಬಹುದು, ಬೇಯಿಸಿದರೂ ಅದು ಹೋಗುವುದಿಲ್ಲ. ಯಾವ ಮೀನು ತಿನ್ನಬಹುದು ಎಂದು ಆ ದ್ವೀಪದವರನ್ನೇ ಕೇಳಿರಿ.

ಇನ್ನೊಂದು ವಸ್ತುವನ್ನು ಹೊರಡುವ ಮೊದಲೇ ಜೋಡಿಸಿಕೊಳ್ಳಿರಿ: ಹಾಯಿಕಂಬಕ್ಕೆ ಮೆಟ್ಟಿಲುಗಳು. ನಾಲ್ಕೈದು ಮೀಟರ್ ಮೇಲೇರಿದರೂ ನೀರಿನ ಬಣ್ಣ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ಅಲ್ಲಿಂದ ಕೂಗಿದ ಮಾತು ಗಾಳಿಯಲ್ಲಿ ಕೇಳಿಸದ ಕಾರಣ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಕಂಬ ಹತ್ತುತ್ತಿದ್ದವಳು ನನ್ನ ಪತ್ನಿ. ಅವಳು ಚಾಚಿದ ಕೈ ಯಾವಾಗಲೂ ದೋಣಿ ಹೋಗಬೇಕಾದ ಕಡೆಗೇ ತೋರಿಸಬೇಕು, ಬಂಡೆಯ ಕಡೆಗೆ ಎಂದೂ ತೋರಿಸಬಾರದು ಎಂದು ನಾವು ಮಾಡಿಕೊಂಡಿದ್ದ ಒಪ್ಪಂದವನ್ನು ನೀವೂ ಮೊದಲ ದಿನವೇ ಮಾಡಿಕೊಳ್ಳಿರಿ.