ಆರೋಪಪಟ್ಟಿಗೆ ನೀವೇ ಸಹಿ ಹಾಕಬೇಡಿ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತಂಡದ ಮುಖ್ಯಸ್ಥೆ, ವಯಸ್ಸು 38. ಮ್ಯಾನೇಜರ್ ಹುದ್ದೆ ಎರಡು ಸಲ ಕೈತಪ್ಪಿತು. ಕಳೆದ ವರ್ಷದ ಮೌಲ್ಯಮಾಪನದಲ್ಲಿ ‘ಮಾತು ಬಿರುಸು’ ಎಂದರು; ತಗ್ಗಿ ನಡೆದೆ. ಈ ವರ್ಷ ‘ಮುನ್ನುಗ್ಗುವ ಗುಣ ಸಾಲದು’ ಎಂದಿದ್ದಾರೆ. ಕಂಪನಿಯೇ ಈಗ ವೃತ್ತಿಯಲ್ಲಿ ಬೆಳೆಯಲು ನೆರವಾಗುವ ಕೋಚ್ ಒಬ್ಬರನ್ನು ಗೊತ್ತುಮಾಡಿದೆ. ಅವರು ಬರೀ ಪ್ರಶ್ನೆ ಕೇಳುತ್ತಾರೆ, ದಿನವೂ ಆತ್ಮಾವಲೋಕನ ಬರೆಯಿರಿ ಎನ್ನುತ್ತಾರೆ. ಬರೆಯಲು ಕುಳಿತರೆ ನನ್ನ ತಪ್ಪುಗಳೇ ಸಾಲುಗಟ್ಟುತ್ತವೆ. ಹೇಳಿದ್ದೆಲ್ಲ ಬಾಸ್ ಕಿವಿಗೆ ಬೀಳುವುದೋ ಎಂಬ ಅಳುಕೂ ಇದೆ. ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಬಿಡಬೇಡಿ, ಬರೆಯುವ ರೀತಿ ಬದಲಿಸಿ. ನೀವು ಪತ್ರದ ಜೊತೆ ಕಳುಹಿಸಿದ ಪುಟದಲ್ಲಿ ‘ಇವತ್ತೂ ಸಭೆಯಲ್ಲಿ ಬಾಯಿಬಿಡಲಿಲ್ಲ, ನನ್ನ ಹಣೆಬರಹವೇ ಇಷ್ಟು’ ಎಂದಿದೆ. ಸಭೆಯಲ್ಲಿ ನಡೆದದ್ದೇನು ಎಂಬುದು ಮಾತ್ರ ಎಲ್ಲೂ ಇಲ್ಲ. ನಿಮ್ಮ ಮಾತನ್ನು ಯಾರು ತುಂಡರಿಸಿದರು, ನೀವು ಹಾಕಿಕೊಟ್ಟ ಲೆಕ್ಕವನ್ನು ಹತ್ತು ನಿಮಿಷದ ನಂತರ ತನ್ನದೆಂಬಂತೆ ಹೇಳಿದವರು ಯಾರು, ಆಗ ನೀವು ಏನೆಂದಿರಿ? ಅದನ್ನು ಬರೆಯಿರಿ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಆತ್ಮಾವಲೋಕನವೆಂದರೆ ತಮ್ಮ ಮೇಲೆ ತಾವೇ ಆರೋಪಪಟ್ಟಿ ಸಿದ್ಧಪಡಿಸುವ ಕೆಲಸ. ಅದರಲ್ಲಿ ನಾವು ಬಲು ಅಚ್ಚುಕಟ್ಟು.

ಎಲ್ಲ ತಪ್ಪೂ ನಿಮ್ಮದೇ ಆಗಬೇಕಿಲ್ಲ. 1982ರಲ್ಲಿ ಅಮೆರಿಕದ ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಪಾಲುದಾರಿಕೆಗೆ ಸೂಚಿತರಾದ 88 ಮಂದಿಯಲ್ಲಿ ಆ್ಯನ್ ಹಾಪ್ಕಿನ್ಸ್ ಒಬ್ಬರೇ ಮಹಿಳೆ. ಸರ್ಕಾರದಿಂದ ಸುಮಾರು 2.5 ಕೋಟಿ ಡಾಲರ್‌ಗಳ ಗುತ್ತಿಗೆ ದೊರಕಿಸಲು ದುಡಿದವರು. ಅವರ ಹೆಸರನ್ನು ತಡೆಹಿಡಿದ ಮೇಲೆ ಸಿಕ್ಕ ಸಲಹೆ: ಹೆಣ್ಣಿನಂತೆ ನಡೆಯಿರಿ, ಮಾತನಾಡಿ, ಮೇಕಪ್ ಮಾಡಿಕೊಳ್ಳಿ, ಒಡವೆ ಹಾಕಿಕೊಳ್ಳಿ. ಅವರು ಒಡವೆ ಕೊಳ್ಳಲು ಹೋಗಲಿಲ್ಲ, ನ್ಯಾಯಾಲಯಕ್ಕೆ ಹೋದರು. ಇಂಥ ಸಿದ್ಧಮಾದರಿಯಿಂದ ಹೆಣ್ಣನ್ನು ಅಳೆಯುವುದೂ ತಾರತಮ್ಯವೇ ಎಂಬುದನ್ನು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು. ನೀವೂ ಕೋರ್ಟಿಗೆ ಹೋಗಿ ಎನ್ನುತ್ತಿಲ್ಲ. ಒಂದು ವರ್ಷ ಬಿರುಸು, ಮರುವರ್ಷ ಮೆತ್ತಗೆ ಎಂದವರ ಅಳತೆಗೋಲನ್ನೂ ಒಮ್ಮೆ ತಿರುಗಿಸಿ ನೋಡಿ ಎನ್ನುತ್ತಿದ್ದೇನೆ.

ಕೋಚ್ ಪ್ರಶ್ನೆ ಕೇಳುವುದು ಅವರ ಕಸುಬು. ಸಲಹೆ ಬೇಕಿದ್ದರೆ ಅನುಭವಿ ಹಿರಿಯರೊಬ್ಬರನ್ನು ಹಿಡಿಯಿರಿ. ಬಡ್ತಿ ತೀರ್ಮಾನವಾಗುವ ಕೋಣೆಯಲ್ಲಿ ನಿಮ್ಮ ಪರ ದನಿಯೆತ್ತುವ ಒಬ್ಬರೂ ಇಲ್ಲವೆಂದು ನನ್ನ ಅನುಮಾನ. ಆ ಕೊರತೆಯನ್ನು ದಿನಚರಿ ಬರೆದು ನೀಗಿಸಲಾಗದು. ಗೌಪ್ಯತೆಯ ಬಗ್ಗೆ ಅಳುಕುತ್ತಾ ಕೂರಬೇಡಿ, ಕಂಪನಿಗೆ ಏನು ತಿಳಿಸುತ್ತೀರಿ, ಏನು ತಿಳಿಸುವುದಿಲ್ಲ ಎಂದು ಕೋಚ್‌ಗೆ ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಶನ್‌ನ ನೀತಿಸಂಹಿತೆಯೂ ಈ ಒಪ್ಪಂದ ಮೊದಲೇ ಸ್ಪಷ್ಟವಾಗಿರಬೇಕು ಎನ್ನುತ್ತದೆ.

ಬಳಿಕ ಬಾಸ್, ಕೋಚ್ ಮತ್ತು ನೀವು ಮೂವರೂ ಕೂರುವ ಸಭೆ ಕೇಳಿ. ಎರಡೂ ವರ್ಷದ ವರದಿಗಳನ್ನು ಪಕ್ಕಪಕ್ಕ ಇಡಿ. ‘ಯಾವ ಸಭೆಯಲ್ಲಿ, ಯಾವ ಮಾತು ಬಿರುಸೆನಿಸಿತು? ಮುಂದಿನ ಆರು ತಿಂಗಳಲ್ಲಿ ನಾನು ಏನು ಮಾಡಿದರೆ ಸಾಕು ಎನ್ನುತ್ತೀರಿ?’ ಎಂದು ಕೇಳಿ ಸುಮ್ಮನಾಗಿ. ಮೌನ ತುಂಬುವ ಹೊಣೆ ನಿಮ್ಮದಲ್ಲ. ಉತ್ತರ ನಿರ್ದಿಷ್ಟವಾಗಿದ್ದರೆ ಆರು ತಿಂಗಳು ದುಡಿದು ನೋಡಿ. ‘ಏನೋ, ಒಟ್ಟಾರೆ ಅನಿಸಿಕೆ’ ಎಂದು ಜಾರಿಕೊಂಡರೆ, ಉಳಿದ ಕೋಚಿಂಗ್ ಅವಧಿಯಲ್ಲಿ ಬೇರೆ ಕೆಲಸಕ್ಕೆ ಹೋಗುವ ಬಗ್ಗೆಯೇ ಯೋಚಿಸಿ. ಶುಲ್ಕ ಹೇಗೂ ಕಂಪನಿಯದು.