ಪೆಟ್ರೋಲ್ ನೂರು ದಾಟಿದ ಮೇಲೆ ಗಾಡಿ ಓಡಿಸುವ ರೀತಿ ಬದಲಿಸಿದರೆ ನಿಜಕ್ಕೂ ಎಷ್ಟು ಉಳಿಯುತ್ತದೆ?

ನೀವು ಕೇಳಿರುವುದು ಇಷ್ಟು: ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರಲು ದಿನಕ್ಕೆ 32 ಕಿ.ಮೀ. ಆಗುತ್ತದೆ. ಮನೆಯಲ್ಲಿ 1.2 ಲೀಟರ್ ಪೆಟ್ರೋಲ್ ಕಾರೂ ಇದೆ, 110 ಸಿಸಿ ಸ್ಕೂಟರೂ ಇದೆ. ಕಾರು ಲೀಟರಿಗೆ 13 ಕೊಡುತ್ತಿದೆ. ಓಡಿಸುವ ಅಭ್ಯಾಸ ಬದಲಿಸಿದರೆ ಎಷ್ಟು ಉಳಿದೀತು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಲಾಭವೇ, ಬೆಳಿಗ್ಗೆ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಬರುತ್ತದೆಯೇ?

ಮೊದಲು ದುಡ್ಡಿನ ಲೆಕ್ಕ. ಲೀಟರಿಗೆ ₹103, ತಿಂಗಳಿಗೆ 25 ದಿನ ಅಂತ ಹಿಡಿಯೋಣ. 800 ಕಿ.ಮೀ.ಗೆ ಕಾರು 61.5 ಲೀಟರ್ ಕುಡಿಯುತ್ತದೆ, ಅಂದರೆ ಸುಮಾರು ₹6,340. ಚೆನ್ನಾಗಿ ಓಡಿಸಿ 13ನ್ನು 15ಕ್ಕೆ ಏರಿಸಿದರೆ ₹5,490. ಉಳಿಯುವುದು ತಿಂಗಳಿಗೆ ₹850ರ ಆಸುಪಾಸು. ಅದೇ ವಾರಕ್ಕೆ ಎರಡು ದಿನ ಕಾರು ಬಿಟ್ಟು ಸ್ಕೂಟರ್ ತೆಗೆದರೆ (ಲೀಟರಿಗೆ 45 ಅಂದುಕೊಳ್ಳಿ) ₹1,500 ಉಳಿಯುತ್ತದೆ. ಹಾಗಾಗಿ ಪೆಡಲ್ ಮೇಲಿನ ಜಾಣತನಕ್ಕಿಂತ ಬೆಳಿಗ್ಗೆ ಯಾವ ಕೀ ಕೈಗೆತ್ತಿಕೊಳ್ಳುತ್ತೀರಿ ಅನ್ನುವುದೇ ದೊಡ್ಡದು. ಇದನ್ನು ಹೇಳದೆ ಬರೀ ಮೈಲೇಜ್ ಟಿಪ್ಸ್ ಕೊಡುವುದು ಮೋಸ ಅಂತ ನನ್ನ ಅಭಿಪ್ರಾಯ.

ಮೆಟ್ರೊ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ನೀವು ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ರೈಲು ಬದಲಿಸಿದರೆ ಸಾಕು. 2025ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದ ದರದ ಪ್ರಕಾರ 10ರಿಂದ 15 ಕಿ.ಮೀ.ಗೆ ₹60, 15ರಿಂದ 20ಕ್ಕೆ ₹70. ಒಂದು ಕಡೆಗೆ 16 ಕಿ.ಮೀ. ಕಾರಿನಲ್ಲಿ ಹೋದರೆ ಪೆಟ್ರೋಲೇ ₹127. ಎಲಿವೇಟೆಡ್ ರಸ್ತೆ ಹತ್ತಿದರೆ ಟೋಲ್ ಬೇರೆ. ಸ್ಕೂಟರಿಗೆ ₹37. ಕಾರಿಗೆ ಹೋಲಿಸಿದರೆ ಮೆಟ್ರೊ ಅಗ್ಗ, ಸ್ಕೂಟರಿಗೆ ಹೋಲಿಸಿದರೆ ಅಲ್ಲ. ಮಳೆ, ಬೆನ್ನುನೋವು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಇವಕ್ಕೆಲ್ಲ ಬೆಲೆ ಕಟ್ಟುವುದು ನಿಮಗೆ ಬಿಟ್ಟಿದ್ದು.

ಇನ್ನು ಓಡಿಸುವ ವಿಷಯ. ಊರೊಳಗೆ ಪೆಟ್ರೋಲ್ ಪೋಲಾಗುವ ಮುಖ್ಯ ಜಾಗ ಆಕ್ಸಿಲರೇಟರ್ ಅಲ್ಲ, ಬ್ರೇಕ್. ಜನ ಸೇರಿ 1,100 ಕಿಲೋ ತೂಗುವ ಕಾರನ್ನು ನಿಂತಲ್ಲಿಂದ 50 ಕಿ.ಮೀ. ವೇಗಕ್ಕೆ ತರಲು ಎಂಜಿನ್ ಅದಕ್ಕೆ ಸುಮಾರು 106 ಕಿಲೋಜೂಲ್ ಶಕ್ತಿ ತುಂಬಬೇಕು. ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್ ಇದ್ದರೂ ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ ಅಂತಿಟ್ಟುಕೊಳ್ಳಿ. ಆಗ ಆ ಒಂದು ಓಟಕ್ಕೆ 13 ಮಿಲಿ, ಅಂದರೆ ₹1.35. ಮುಂದೆ ಹಂಪ್ ಕಂಡು ಬ್ರೇಕ್ ಒತ್ತಿ ನಿಲ್ಲಿಸಿದಿರೋ, ಆ ₹1.35 ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಯಿತು. 40ರ ವೇಗದಿಂದ ನಿಂತರೆ ಎಂಟೂವರೆ ಮಿಲಿ. ದಿನಕ್ಕೆ ಅಂಥ 60 ಬ್ರೇಕ್ ಅಂದರೆ ಅರ್ಧ ಲೀಟರ್! ಅದರಲ್ಲಿ ಮೂರನೇ ಒಂದು ಭಾಗ ತಪ್ಪಿಸಿದರೂ ತಿಂಗಳಿಗೆ ₹430ರಷ್ಟು ಉಳಿಯುತ್ತದೆ.

ತಪ್ಪಿಸುವುದು ಹೇಗೆ? ನಿಮ್ಮ ಮುಂದಿನ ಗಾಡಿಯ ಬ್ರೇಕ್ ಲೈಟ್ ನೋಡುತ್ತ ಓಡಿಸಬೇಡಿ, ಅದರಾಚೆಯ ಎರಡು ಮೂರು ಗಾಡಿಗಳನ್ನು ನೋಡಿ. ಸಿಗ್ನಲ್ ಕೆಂಪು ಅಂತ ಗೊತ್ತಾದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ಎತ್ತಿ, ಆದರೆ ಗೇರ್‌ನಲ್ಲೇ ಇರಿ, ಕ್ಲಚ್ ಮುಟ್ಟಬೇಡಿ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರ್ ಇದ್ದು, ಕಾಲು ಎತ್ತಿದ್ದು, ಎಂಜಿನ್ ಸುಮಾರು 1,500 ಆರ್‌ಪಿಎಂಗಿಂತ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮೇಲಿದ್ದರೆ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ಎಂಜಿನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಗೆರೆ ಇದ್ದರೆ ನೋಡಿ, ಕೊನೆಯ ಅಂಚಿಗೆ ಹೋಗಿ ಕೂತಿರುತ್ತದೆ. ವೇಗ ಇಳಿದು ಎಂಜಿನ್ 1,200ರ ಹತ್ತಿರ ಬಂದಾಗ ಕೆಳಗಿನ ಗೇರಿಗೆ ತನ್ನಿ, ಇಲ್ಲವೇ ಕ್ಲಚ್ ಒತ್ತಿ.

ನ್ಯೂಟ್ರಲ್ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನಷ್ಟಕ್ಕೆ ತಾನು ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಗೇರ್‌ನಲ್ಲಿದ್ದರೆ ಸೊನ್ನೆ. ಕಾರ್ಬೊರೇಟರ್ ಕಾಲದಲ್ಲಿ ನ್ಯೂಟ್ರಲ್‌ನಿಂದ ಒಂದಿಷ್ಟು ಉಳಿಯುತ್ತಿತ್ತು, ಆ ಮಾತು ಡ್ರೈವರಿಂದ ಡ್ರೈವರಿಗೆ ದಾಟಿ ಇವತ್ತಿಗೂ ಓಡುತ್ತಿದೆ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ನ್ಯೂಟ್ರಲ್ ಮಾಡಿದರೆ ಎಂಜಿನ್ ಹಿಡಿತ ತಪ್ಪಿ ಪೂರಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿಯದೆ ಹೋಗುತ್ತದೆ. ಎಂಜಿನ್ನೇ ಆರಿಸಿ ಇಳಿಸುವವರೂ ಇದ್ದಾರೆ. ಎಂಜಿನ್ ಆರಿದರೆ ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗೂ ಹೋಗುತ್ತದೆ. ಎಷ್ಟೇ ಉಳಿದರೂ ಈ ಕೆಲಸ ಬೇಡ.

ಸಿಗ್ನಲ್‌ನಲ್ಲಿ ಎಂಜಿನ್ ಆರಿಸುವುದು ಮಾತ್ರ ನಿಜವಾಗಿ ಉಪಯೋಗಕ್ಕೆ ಬರುವ ಅಭ್ಯಾಸ. ನಿಮ್ಮಂಥ ಕಾರು ನಿಂತಲ್ಲೇ ಎಸಿ ಇಲ್ಲದೆ ಗಂಟೆಗೆ ಸುಮಾರು 0.7 ಲೀಟರ್ ಉರಿಸುತ್ತದೆ, ಎಸಿ ಇದ್ದರೆ ಒಂದು ಲೀಟರ್ ದಾಟುತ್ತದೆ. ಮತ್ತೆ ಸ್ಟಾರ್ಟ್ ಮಾಡಲು ಹತ್ತು ಸೆಕೆಂಡ್ ನಿಂತು ಉರಿಸಿದಷ್ಟೂ ಬೇಡ. ಕೌಂಟ್‌ಡೌನ್ 30ಕ್ಕಿಂತ ಜಾಸ್ತಿ ತೋರಿಸುತ್ತಿದ್ದರೆ ಆರಿಸಿ, 5 ಬಂದಾಗ ಸ್ಟಾರ್ಟ್ ಮಾಡಿ. ಏರಿನ ಮೇಲೆ ನಿಂತಿದ್ದರೆ, ಬ್ಯಾಟರಿ ಹಳೆಯದಾಗಿ ಸ್ಟಾರ್ಟರ್ ಎಳೆದಾಡುತ್ತಿದ್ದರೆ ಬೇಡ. ಸ್ಕೂಟರಿನಲ್ಲಿ ಐಡ್ಲಿಂಗ್ ಸ್ಟಾಪ್ ಸ್ವಿಚ್ (ಗಾಡಿ ನಿಂತಾಗ ಎಂಜಿನ್ ತಾನಾಗಿ ಆರಿಸುವಂಥದ್ದು) ಇದ್ದರೆ ಆನ್ ಮಾಡಿಟ್ಟು ಮರೆತುಬಿಡಿ.

ಗೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪೆಟ್ರೋಲ್ ಕಾರಿನಲ್ಲಿ 2,000ದಿಂದ 2,500 ಆರ್‌ಪಿಎಂ ಒಳಗೆ ಮೇಲಿನ ಗೇರ್ ಹಾಕಿ. ಹಾಗಂತ 35ರಲ್ಲಿ ಐದನೇ ಗೇರ್ ಹಾಕಿ ಒತ್ತಿದರೆ ಗಾಡಿ ನಡುಗಿ ಟಕಟಕ ಸದ್ದು ಬರುತ್ತದೆ. ಎಂಜಿನ್ ಏದುಸಿರು ಬಿಡುತ್ತಿದೆ ಅಂತ ಅರ್ಥ, ಒಂದು ಗೇರ್ ಇಳಿಸಿ. ಸ್ಕೂಟರಿನಲ್ಲಿ ಗೇರ್ ಇಲ್ಲದಿದ್ದರೂ ಒಂದು ಕೆಟ್ಟ ಚಾಳಿ ಎಲ್ಲರಿಗೂ ಇದೆ. ಫ್ಲೈಓವರ್ ಏರಿನಲ್ಲಿ ಬ್ರೇಕ್ ಹಿಡಿಯದೆ ಥ್ರಾಟಲ್ ಕೊಟ್ಟೇ ಗಾಡಿ ಹಿಂದೆ ಜಾರದಂತೆ ನಿಲ್ಲಿಸಿಕೊಳ್ಳುವುದು. ಆಗ ಕ್ಲಚ್ ಶೂ ಅರ್ಧ ಹಿಡಿದು ಜಾರುತ್ತ ಸವೆಯುತ್ತದೆ. ಪೆಟ್ರೋಲೂ ಹೋಯಿತು, ಕ್ಲಚ್ಚೂ ಹೋಯಿತು.

ಟೈರಿನ ಗಾಳಿ ಅಂದರೆ ಎಲ್ಲರೂ ಗೊತ್ತು ಅಂತಾರೆ, ತಪ್ಪುವುದು ಅಲ್ಲೇ. ಬಂಕಿನಲ್ಲಿ ಹುಡುಗ "ಎಷ್ಟು ಹೊಡೀಲಿ ಸಾರ್?" ಅಂದಾಗ "ಎಷ್ಟು ಹಾಕ್ತೀರೋ ಹಾಕಿ" ಅಂದರೆ ನಾಲ್ಕಕ್ಕೂ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೀಳುತ್ತದೆ. ಸರಿಯಾದ ಸಂಖ್ಯೆ ಡ್ರೈವರ್ ಬಾಗಿಲು ತೆರೆದರೆ ಕಾಣುವ ಕಂಬದ ಮೇಲಿನ ಸ್ಟಿಕ್ಕರಿನಲ್ಲಿದೆ. ಹಿಂದೆ ಮೂವರು ಕೂತಾಗ ಎಷ್ಟು ಅಂತಲೂ ಅದರಲ್ಲೇ ಬರೆದಿರುತ್ತದೆ. ಅದು ತಣ್ಣಗಿರುವ ಟೈರಿನ ಅಳತೆ. ಹತ್ತು ಕಿ.ಮೀ. ಓಡಿಸಿ ಬಂದು ನೋಡಿದರೆ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ, ಜಾಸ್ತಿಯಾಗಿದೆ ಅಂತ ಗಾಳಿ ಬಿಡಬೇಡಿ. ಸ್ವಂತಕ್ಕೊಂದು ಸಣ್ಣ ಗೇಜ್ ಇಟ್ಟುಕೊಂಡು ಎರಡು ವಾರಕ್ಕೊಮ್ಮೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿ. ಪ್ರತಿ ಒಂದು ಪಿಎಸ್‌ಐ ಕೊರತೆಗೆ ಮೈಲೇಜ್ ಇಳಿಯುವುದು ಶೇ 0.2ರಷ್ಟು ಮಾತ್ರ. ಕೇಳಲು ಚಿಲ್ಲರೆ ಅನ್ನಿಸಿದರೂ ಗಾಳಿ ಕಡಿಮೆಯಾದ ಟೈರ್ ಅಂಚಿನಲ್ಲಿ ಸವೆದು ಬೇಗ ಬದಲಿಸಬೇಕಾಗಿ ಬರುತ್ತದಲ್ಲ, ನಿಜವಾದ ನಷ್ಟ ಅದು. ಉಳಿತಾಯಕ್ಕೆಂದು 40 ಹೊಡೆಸಿದರೆ ಮಳೆಯಲ್ಲಿ ಹಿಡಿತ ಹೋಗುತ್ತದೆ.

ಗ್ಯಾರೇಜಿನವರು ಮೈಲೇಜ್ ಇಲ್ಲ ಅಂದ ಕೂಡಲೇ ಏರ್ ಫಿಲ್ಟರ್ ಬದಲಿಸುತ್ತಾರೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಇಳಿಯುತ್ತದೆ, ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ, ಏಕೆಂದರೆ ಒಳಬರುವ ಗಾಳಿ ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಹೋಗುತ್ತದೆ. ಫಿಲ್ಟರಿಗಿಂತ ಮೊದಲು ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಸ್ಕೂಟರನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ನೆಲ ಬಿಟ್ಟಿರುವ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸರ್ರನೆ ಉಜ್ಜುವ ಸದ್ದು ಬಂದು ಅಲ್ಲೇ ನಿಂತರೆ ಬ್ರೇಕ್ ಬಿಗಿಯಾಗಿದೆ, ಕೇಬಲ್ ನಟ್ ಒಂದೆರಡು ಸುತ್ತು ಸಡಿಲಿಸಿದರೆ ಸಾಕು. ಕಾರಿನಲ್ಲಾದರೆ ಐದಾರು ಕಿ.ಮೀ. ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದ ಕಾವಲಿಯಂತಿದ್ದರೆ ಅದರ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿರಬಹುದು.

ಸಣ್ಣ ಓಡಾಟವೂ ಲೆಕ್ಕದಲ್ಲಿರಲಿ. ತಣ್ಣಗಿನ ಎಂಜಿನ್‌ಗೆ ಮೊದಲ ಎರಡು ಮೂರು ಕಿ.ಮೀ. ಹೆಚ್ಚು ಪೆಟ್ರೋಲ್ ಬೇಕು. ಹಾಲಿಗೊಂದು ಸಲ, ಮಗುವನ್ನು ಬಿಡಲೊಂದು ಸಲ, ತರಕಾರಿಗೊಂದು ಸಲ ಕಾರು ತೆಗೆದರೆ ಎಂಜಿನ್ ಬಿಸಿಯಾಗುವುದೇ ಇಲ್ಲ. ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ. ನಿಲ್ಲಿಸಿ ಐದು ನಿಮಿಷ ಬಿಸಿ ಮಾಡುವ ಅಗತ್ಯವೂ ಇಲ್ಲ, ಅರ್ಧ ನಿಮಿಷ ಸಾಕು.

ಹೆದ್ದಾರಿಯಲ್ಲಿ ಬ್ರೇಕಿನ ಜಾಗದಲ್ಲಿ ಗಾಳಿ ಬಂದು ಕೂರುತ್ತದೆ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಶೇ 56ರಷ್ಟು ಹೆಚ್ಚುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇನ 118 ಕಿ.ಮೀ.ಯನ್ನು 100ರಲ್ಲಿ ಮುಗಿಸಲು 71 ನಿಮಿಷ, 80ರಲ್ಲಾದರೆ 88. ಕಾರು 80ರಲ್ಲಿ 20, 100ರಲ್ಲಿ 17 ಕೊಡುತ್ತದೆ ಅಂತಿಟ್ಟರೆ ವ್ಯತ್ಯಾಸ ಒಂದು ಲೀಟರ್. ಹದಿನೇಳು ನಿಮಿಷಕ್ಕೆ ₹105. ಆತುರ ಇದ್ದರೆ ಕೊಡಬಹುದು, ದಿನಾ ಕೊಡಬೇಕಿಲ್ಲ. ಕಿಟಕಿ ಇಳಿಸಿ ಎಸಿ ಆರಿಸುವ ಉಪಾಯ 60ರ ಒಳಗೆ ಸರಿ, ಅದಕ್ಕಿಂತ ಮೇಲೆ ಕಿಟಕಿ ಏರಿಸಿ ಎಸಿ ಹಾಕಿಕೊಳ್ಳಿ.

ಬಂಕಿನ ನಂಬಿಕೆಗಳಿಗೆ ಬರೋಣ. ಬೆಳಿಗ್ಗೆ ಹಾಕಿಸಿದರೆ ಜಾಸ್ತಿ ಬರುವುದಿಲ್ಲ. ಟ್ಯಾಂಕ್ ನೆಲದಡಿಯಲ್ಲಿದೆ, ಅಲ್ಲಿ ಹಗಲೂ ರಾತ್ರಿಯೂ ತಾಪಮಾನ ಹೆಚ್ಚುಕಮ್ಮಿ ಒಂದೇ. ₹500ರ ಬದಲು ₹510 ಹೇಳಿದರೆ ಮೋಸ ತಪ್ಪುತ್ತದೆ ಅನ್ನುವುದೂ ಅಷ್ಟೇ. ಅನುಮಾನ ಬಂದರೆ ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರಲೇಬೇಕು, ಅದರಲ್ಲಿ ಅಳೆದು ತೋರಿಸಿ ಅಂತ ಕೇಳುವುದು ಗ್ರಾಹಕರ ಹಕ್ಕು. 25 ಮಿಲಿ ಆಚೀಚೆ ಆಗಬಹುದು, ಅದಕ್ಕಿಂತ ಹೆಚ್ಚಲ್ಲ. ಗಾಡಿಯ ಪುಸ್ತಕ ಕೇಳದಿದ್ದರೆ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿಸಬೇಡಿ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಎಲ್ಲ ದುಡ್ಡು ದಂಡ.

ಈಚೆಗೆ ಮೈಲೇಜ್ ತಾನಾಗಿಯೇ ಸ್ವಲ್ಪ ಇಳಿದಿದೆ ಅನ್ನಿಸಿದರೆ ಅದು ಪೂರ್ತಿ ನಿಮ್ಮ ತಪ್ಪಲ್ಲ. ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಎಥನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯೇ ಇ20ಗೆ, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ, ಅಂತ ಮಾಡಿರದ ಹಳೆಯ ಕಾರುಗಳಲ್ಲಿ ಶೇ 6–7, ದ್ವಿಚಕ್ರ ವಾಹನಗಳಲ್ಲಿ ಶೇ 3–4 ಇಳಿಯಬಹುದು ಅಂದಿತ್ತು. ಬೆಲೆಯ ಕಥೆಯೂ ಬರೀ ಕಚ್ಚಾತೈಲದ್ದಲ್ಲ. 2024ರ ಜೂನ್‌ನಲ್ಲಿ ರಾಜ್ಯ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಬೆಂಗಳೂರಲ್ಲಿ ₹99.84 ಇದ್ದ ಪೆಟ್ರೋಲ್ ರಾತ್ರೋರಾತ್ರಿ ₹102.86 ಆಯಿತು. ಮೂರು ರೂಪಾಯಿ ಏರಿಕೆ ಅಂದರೆ ನಿಮ್ಮ ಓಡಾಟಕ್ಕೆ ತಿಂಗಳಿಗೆ ₹185. ಲೀಟರಿಗೆ ಅರ್ಧ ಕಿಲೋಮೀಟರ್ ಮೈಲೇಜ್ ಏರಿಸಿದರೆ ಆ ಏರಿಕೆ ಸರಿಹೋಗುತ್ತದೆ.

ಇದೆಲ್ಲ ಶುರು ಮಾಡುವ ಮುನ್ನ ಅಳತೆ ಸರಿಮಾಡಿಕೊಳ್ಳಿ. ಡ್ಯಾಶ್‌ಬೋರ್ಡಿನ ಮೈಲೇಜ್ ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ನಾಝಲ್ ಮೊದಲ ಸಲ ಟಕ್ ಅಂತ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 300 ಕಿ.ಮೀ. ಆದ ಮೇಲೆ ಅದೇ ಬಂಕು, ಅದೇ ಪಂಪು, ಮತ್ತೆ ಮೊದಲ ಟಕ್‌ವರೆಗೆ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. "ರೌಂಡ್ ಮಾಡ್ಲಾ ಸಾರ್?" ಅಂದರೆ ಬೇಡ ಅನ್ನಿ. ಕತ್ತಿನವರೆಗೆ ತುಂಬಿದರೆ ಲೆಕ್ಕ ಕೆಡುವುದಲ್ಲದೆ ಪೆಟ್ರೋಲ್ ಆವಿ ಹೀರುವ ಇದ್ದಿಲ ಡಬ್ಬಿಗೆ ಪೆಟ್ರೋಲೇ ನುಗ್ಗಿ ಅದು ಹಾಳಾಗುತ್ತದೆ. ಹೀಗೆ ಮೂರು ಸಲ ಈಗಿನ ಅಭ್ಯಾಸದಲ್ಲೇ ಅಳೆದು ಸರಾಸರಿ ಬರೆದಿಡಿ, ಆಮೇಲೆ ಕಾಲು ಎತ್ತುವ ಅಭ್ಯಾಸ ಶುರು ಮಾಡಿ ಮೂರು ಸಲ ಅಳೆಯಿರಿ. ಗಾಳಿ, ಬ್ರೇಕ್ ಸರಿಮಾಡಿಸುವುದು ಮೊದಲ ಅಳತೆಗೂ ಮುಂಚೆ ಆಗಿರಲಿ, ಇಲ್ಲವಾದರೆ ಯಾವುದರಿಂದ ಎಷ್ಟು ಉಳಿಯಿತು ಅಂತ ಗೊತ್ತಾಗುವುದಿಲ್ಲ.