ಯುದ್ಧವಾದರೆ ಅಮೆರಿಕದಲ್ಲಿರುವ ನಮ್ಮ ಹುಡುಗರನ್ನು ಸೇನೆಗೆ ಕರೆಯುತ್ತಾರೆಯೇ?

ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಈಗಷ್ಟೇ ಹದಿನೆಂಟು ತುಂಬಿದೆ, ಹೆಸರು ನೋಂದಾಯಿಸಿಕೊಳ್ಳುವಂತೆ ಪತ್ರ ಬಂದಿದೆ, ಯುದ್ಧ ಶುರುವಾದರೆ ಅವನನ್ನು ಕಡ್ಡಾಯವಾಗಿ ಸೇನೆಗೆ ಸೇರಿಸುತ್ತಾರೆಯೇ ಎಂದು ನೀವು ಕೇಳಿದ್ದೀರಿ.

ಎರಡು ವರ್ಷದ ಹಿಂದೆ ಇಂಥದ್ದೇ ಪತ್ರ ನನ್ನ ತಂಗಿಯ ಮೊಮ್ಮಗನಿಗೂ ಬಂದಿತ್ತು. ಅವನು ಅಲ್ಲಿಯೇ ಹುಟ್ಟಿದವನು. ಸುದ್ದಿ ಕೇಳಿ ತಂಗಿ ಕಾರ್ಕಳದಲ್ಲಿ ಕುಳಿತೇ ಕಟೀಲಿಗೆ ಹೂವಿನ ಪೂಜೆಯ ಹರಕೆ ಹೇಳಿಕೊಂಡಳು. ಹುಡುಗ ಮಾತ್ರ ಮೊಬೈಲಿನಲ್ಲಿ ವಿವರ ತುಂಬಿ ನಿಶ್ಚಿಂತೆಯಿಂದ ಮಲಗಿದನಂತೆ. ನಾನು ಉಡುಪಿಯಲ್ಲಿ ಬ್ಯಾಂಕಿನಿಂದ ನಿವೃತ್ತನಾದವನು, ನಿಯಮಾವಳಿ ಓದುವುದು ಬಿಡಲಾಗದ ಚಟ. ಅವಳನ್ನು ಸಮಾಧಾನಪಡಿಸಲು ಆಗ ಓದಿಕೊಂಡದ್ದು ಇಲ್ಲಿದೆ.

ನೋಂದಣಿ ಬೇರೆ, ಭರ್ತಿ ಬೇರೆ. 18ರಿಂದ 25 ವರ್ಷದ ಗಂಡಸರು ಅಲ್ಲಿನ ಪೌರರಾಗಿರಲಿ, ಗ್ರೀನ್ ಕಾರ್ಡ್ ಉಳ್ಳವರಾಗಿರಲಿ, ಅಗತ್ಯ ಬಿದ್ದರೆ ಸೇನೆಗೆ ಕರೆಯಲು ಇಟ್ಟ ಪಟ್ಟಿಯಲ್ಲಿ ಹೆಸರು ಇರಲೇಬೇಕು. ವಿದ್ಯಾರ್ಥಿ ವೀಸಾ ಅಥವಾ ಎಚ್-1ಬಿ ವೀಸಾದಲ್ಲಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ, 1980ರಲ್ಲಿ ಈ ನೋಂದಣಿ ಮತ್ತೆ ಶುರುವಾಯಿತು. ಕಡ್ಡಾಯ ಭರ್ತಿ ನಿಂತದ್ದು ಅದಕ್ಕೂ ಮೊದಲು, 1973ರಲ್ಲಿ. ಆಮೇಲೆ ಕೊಲ್ಲಿ ಯುದ್ಧವಾಯಿತು, ಅಫ್ಘಾನಿಸ್ತಾನ, ಇರಾಕ್ ಆದವು. ಪಟ್ಟಿಯಿಂದ ಒಬ್ಬನನ್ನೂ ಕರೆಯಲಿಲ್ಲ. ಇರಾಕ್ ಯುದ್ಧದಲ್ಲಿ ಜನ ಸಾಲದೆ ಬಂದಾಗ, ಸೇವಾವಧಿ ಮುಗಿದ ಸೈನಿಕರನ್ನೇ ಮನೆಗೆ ಬಿಡದೆ ಉಳಿಸಿಕೊಂಡರು. ಸೇನೆಯ ಹೊರಗಿನ ಹುಡುಗರನ್ನು ಮುಟ್ಟುವುದಕ್ಕೆ ಅಲ್ಲಿನ ಸರಕಾರ ಎಷ್ಟು ಅಂಜುತ್ತದೆ ಎಂಬುದು ನನಗೆ ಅರ್ಥವಾದದ್ದೇ ಈ ಸಂಗತಿಯಿಂದ.

ಅಂಜಿಕೆಗೆ ಕಾರಣ ವಿಯೆಟ್ನಾಂ ಯುದ್ಧ. 1969ರ ಡಿಸೆಂಬರ್ 1ರಂದು ಗಾಜಿನ ಭರಣಿಯೊಂದರಲ್ಲಿ 366 ನೀಲಿ ಗುಳಿಗೆಗಳನ್ನು ಹಾಕಿ, ಒಂದೊಂದರಲ್ಲೂ ಒಂದು ಜನ್ಮದಿನದ ಚೀಟಿ ಇಟ್ಟು, ಯಾರನ್ನು ಮೊದಲು ಸೇನೆಗೆ ಕರೆಯಬೇಕೆಂದು ತೀರ್ಮಾನಿಸಲು ಟಿವಿಯ ಎದುರು ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಇದನ್ನು ಹೇಳಿದ ಕೂಡಲೇ ತಂಗಿ, "ಅಣ್ಣಾ, ನಮ್ಮವನದ್ದು ಯಾವ ತಿಂಗಳು?" ಎಂದು ಬೆರಳು ಮಡಚತೊಡಗಿದಳು. ಈಗ ಮತ್ತೆ ಹಾಗೆ ಮಾಡಬೇಕಾದರೆ ಅಧ್ಯಕ್ಷರ ಸಹಿಯೊಂದೇ ಸಾಲದು, ಅಲ್ಲಿನ ಸಂಸತ್ತು ಕಾನೂನು ತಿದ್ದಬೇಕು. ಮಗನನ್ನು ಯುದ್ಧಕ್ಕೆ ಕಳುಹಿಸಿದ ತಾಯಿಯ ಬಳಿ ಮತ ಕೇಳಲು ಯಾವ ಸದಸ್ಯನಿಗೆ ಧೈರ್ಯವಿದೆ?

ಹಾಗೆಂದು ಎಂದೂ ಬಾರದು ಎಂದು ನಾನು ಬರೆದುಕೊಡಲಾರೆ. ಉಕ್ರೇನ್ 2013ರಲ್ಲಿ ಕಡ್ಡಾಯ ಭರ್ತಿಯನ್ನು ಕೈಬಿಟ್ಟು ಮರುವರ್ಷವೇ ವಾಪಸು ತಂದಿತು, 2024ರಲ್ಲಿ ಯುದ್ಧಕ್ಕೆ ಕರೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ಲಿಥುವೇನಿಯಾ, ಸ್ವೀಡನ್, ಲಾಟ್ವಿಯಾ ಕೂಡ ಬಿಟ್ಟದ್ದನ್ನು ಮತ್ತೆ ಹಿಡಿದವು. ಇವರಿಗೆಲ್ಲ ರಷ್ಯಾದ ಭಯ ಹತ್ತಿರದ್ದು. ಅಮೆರಿಕಕ್ಕೆ ಎರಡೂ ಕಡೆ ಸಮುದ್ರ. ಸಮಬಲದ ಶತ್ರುವಿನೊಂದಿಗೆ ವರ್ಷಗಟ್ಟಲೆ ಕಾದಾಡಿ, ತಾವಾಗಿ ಬರುವವರು ಸಾಲದೆ ಹೋದರೆ ಮಾತ್ರ ಅಲ್ಲಿ ಆ ದಿನ ಬಂದೀತು ಎಂದು ನನ್ನ ಲೆಕ್ಕ.

ನಮ್ಮ ದೇಶದಲ್ಲಿ ಸೇನೆಗೆ ಕಡ್ಡಾಯ ಭರ್ತಿ ಇಲ್ಲ. ಅಗ್ನಿವೀರರೂ ಅರ್ಜಿ ಹಾಕಿಯೇ ಸೇರುವವರು. ಆದರೆ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಸಂವಿಧಾನದ 23ನೇ ವಿಧಿಯಲ್ಲಿ ಅವಕಾಶವಿದೆ. ನನ್ನ ಪಾಲಿಗೆ ಬಂದ ಕಡ್ಡಾಯವೆಂದರೆ ಚುನಾವಣಾ ಕರ್ತವ್ಯ ಒಂದೇ. ಬೈಂದೂರು ಕಡೆಯ ಶಾಲೆಯೊಂದರಲ್ಲಿ ಬೆಂಚುಗಳನ್ನು ಜೋಡಿಸಿ ಮಲಗಿದ ಆ ರಾತ್ರಿಯ ಸೊಳ್ಳೆಗಳು ಇನ್ನೂ ನೆನಪಿವೆ.

ನಿಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಹೆದರಿ ಪತ್ರವನ್ನು ಮೂಲೆಗೆ ಎಸೆಯಬೇಡಿ ಎಂದು ಅಣ್ಣನಿಗೆ ಹೇಳಿ. ನೋಂದಾಯಿಸದಿದ್ದರೆ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು ಎಂದಿದೆ. ಜೈಲಿಗೆ ಹಾಕುವುದು ಹೇಗೂ ಇರಲಿ, ಅಲ್ಲಿನ ಕೇಂದ್ರ ಸರಕಾರದ ನೌಕರಿ ತಪ್ಪುತ್ತದೆ, ಹುಡುಗ ಗ್ರೀನ್ ಕಾರ್ಡಿನವನಾಗಿದ್ದರೆ ಮುಂದೆ ಪೌರತ್ವ ಕೇಳುವಾಗ ತೊಡಕಾಗುತ್ತದೆ. 26 ತುಂಬಿದ ಮೇಲೆ ಹೆಸರು ಸೇರಿಸಲು ಬರುವುದಿಲ್ಲ. ಒಂದು ವೇಳೆ ಚೀಟಿ ಎತ್ತಿದರೂ ಮೊದಲ ಸರದಿ ಆ ವರ್ಷ 20 ತುಂಬುವವರದ್ದು, ಆಮೇಲೆ 21ರಿಂದ 25ರವರದ್ದು. ಹದಿನೆಂಟರವರು ಸಾಲಿನ ಕೊನೆಯಲ್ಲಿ.

ನನ್ನ ತಂಗಿಯ ಮೊಮ್ಮಗನಿಗೆ ಈ ವರ್ಷ 20 ತುಂಬುತ್ತದೆ. ಅದನ್ನು ಅವಳಿಗೆ ನಾನಿನ್ನೂ ಹೇಳಿಲ್ಲ.